ಅಳಿವೆಯ ಮರಿಗಳನ್ನು ಕಾಯುವವರಾರು?

ಶಾಲೆಯೊಂದು ಐವತ್ತು ಸಂವತ್ಸರಗಳನ್ನು ಪೂರೈಸಿದಾಗ ಗತಿಸಿದ ಗುರುಗಳನ್ನೂ ಉದಾರಿಗಳಾದ ದಾನಿಗಳನ್ನೂ ಸ್ಮರಿಸುವುದು ವಾಡಿಕೆ. ಅದು ಉಚಿತವೂ ಹೌದು. ಆದರೆ ಕಡಲ ಕರೆಯಿಂದ ಈ ಶಾಲೆಗೆ ನಡೆದುಬಂದ ಎಷ್ಟೋ ಮಕ್ಕಳ ಬಟ್ಟೆಬರೆ, ಪುಸ್ತಕಗಳ ವೆಚ್ಚವನ್ನು ಭರಿಸಿದ ಮಹಾದಾನಿಯ ಹೆಸರು ಯಾವ ಫಲಕದಲ್ಲಿಯೂ ಕಾಣಸಿಗದು. ಆ ದಾನಿ ನಮ್ಮ ಹೊಳೆಯ ಅಳಿವೆ.

ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ - ಕಾಸರಗೋಡಿನ ಈ ಹೊಳೆಗಳೆಲ್ಲ ಕಡಲನ್ನು ಸೇರುವಲ್ಲಿ ಸಿಹಿನೀರೂ ಉಪ್ಪುನೀರೂ ಬೆರೆಯುತ್ತವೆ. ಮಳೆಗಾಲದಲ್ಲಿ ಕಡಲಿಗೆ ದೋಣಿ ಇಳಿಸಲಾಗದ ದಿನಗಳಲ್ಲಿ ಬಡವರ ಒಲೆಯನ್ನು ಉರಿಸಿದ್ದು ಈ ಆಳವಿಲ್ಲದ ನೀರೇ. ಬೀಸುಬಲೆಗೆ ಕಾಣೆ, ಸಿಗಡಿ. ಹೆಂಗಸರ ಬರಿಗೈಗೆ ಮರುವಾಯಿ. ಇದಕ್ಕೆ ಬಂಡವಾಳಕ್ಕಿಂತ ತಿಳಿವಳಿಕೆ ಮುಖ್ಯ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಉಬ್ಬರ ಹಿರಿದು, ಅಷ್ಟಮಿಯ ಹೊತ್ತಿಗೆ ಕಿರಿದು. ದಿನದಿಂದ ದಿನಕ್ಕೆ ಉಬ್ಬರವು ಸುಮಾರು 50 ನಿಮಿಷ ತಡವಾಗಿ ಬರುತ್ತದೆ ಎಂಬುದನ್ನು ಅಕ್ಷರ ಕಲಿಯದ ಹಿರಿಯರೂ ಬೆರಳೆಣಿಕೆಯಲ್ಲಿ ಹೇಳಬಲ್ಲರು.

ಅಳಿವೆಯು ಮೀನು ಹಿಡಿಯುವ ತಾಣ ಮಾತ್ರವಲ್ಲ, ಮೀನಿನ ತೊಟ್ಟಿಲೂ ಹೌದು. ಬಿಳಿ ಸಿಗಡಿಯು ಕಡಲಿನಲ್ಲಿ ಮೊಟ್ಟೆಯಿಡುತ್ತದೆ. ಕಣ್ಣಿಗೆ ಕಾಣಿಸದಷ್ಟು ಸಣ್ಣ ಮರಿಗಳು ಉಬ್ಬರದೊಡನೆ ಅಳಿವೆಯನ್ನು ಹೊಕ್ಕು, ಕಾಂಡ್ಲಾ ಗಿಡಗಳ ಬೇರಿನ ಮರೆಯಲ್ಲಿ ಕೆಲವು ತಿಂಗಳು ಬೆಳೆದು, ಸಂತಾನಕ್ಕಾಗಿ ಮರಳಿ ಕಡಲಿಗೆ ತೆರಳುತ್ತವೆ. ಮಲೆಯಾಳಿಗಳು ಕರಿಮೀನ್ ಎನ್ನುವ, 2010ರಲ್ಲಿ ಕೇರಳದ ರಾಜ್ಯಮೀನೆಂದು ಘೋಷಿತವಾದ ಮೀನಾದರೋ ಹಿನ್ನೀರಿನಲ್ಲಿಯೇ ಮೊಟ್ಟೆಯಿಟ್ಟು, ಗಂಡುಹೆಣ್ಣುಗಳೆರಡೂ ಸೇರಿ ಮರಿಗಳನ್ನು ಕಾಯುತ್ತವೆ.

ಕಡಲಿಗೆ ಸಂಬಂಧಿಸಿ ಕಟ್ಟುಪಾಡುಗಳಿವೆ. 1988ರಿಂದ ಕೇರಳದಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ ಜಾರಿಯಲ್ಲಿದೆ; 2018ರಿಂದ ಅದರ ಅವಧಿ 52 ದಿನಗಳು. ಆದರೆ ಅಳಿವೆ ಬಾಗಿಲಿನಲ್ಲಿ ಸೊಳ್ಳೆಪರದೆಯಷ್ಟು ಸಣ್ಣ ಕಣ್ಣಿನ ಬಲೆ ಕಟ್ಟಿ ಮರಿಗಳನ್ನು ಸೋಸಿದರೆ, ಆಳ ಕಡಲಿನಲ್ಲಿ ಪಾಲಿಸಿದ ವ್ರತದಿಂದ ಬಂದ ಫಲವೇನು? ಒಳನಾಡು ಮೀನುಗಾರಿಕೆಗೂ 2010ರ ಕಾಯಿದೆಯಿದೆ, ನಿಜ. ಆದರೆ ಪ್ರತಿಯೊಂದು ಹೊಳೆಯ ದಂಡೆಯಲ್ಲಿಯೂ ಕಾನೂನು ಕಾವಲು ನಿಲ್ಲಲಾರದು.

ಬಡವನ ಬಲೆಯನ್ನೇಕೆ ದೂರುವಿರಿ, ಮರಳು ಬಗೆಯುವವರನ್ನೂ ಕಾಂಡ್ಲಾ ಕಡಿದು ಮಣ್ಣು ತುಂಬಿಸುವವರನ್ನೂ ಕೇಳಿರಿ ಎನ್ನುವವರಿದ್ದಾರೆ. ಅವರ ಮಾತು ನ್ಯಾಯವಾದದ್ದೇ. ಕಾಂಡ್ಲಾ ವನಗಳಿಗೆ 1991ರ ಕರಾವಳಿ ನಿಯಂತ್ರಣ ಅಧಿಸೂಚನೆಯಿಂದಲೇ ರಕ್ಷಣೆ ದೊರೆತಿದ್ದರೂ ಅದನ್ನು ಮೀರುವವರು ಹೆಚ್ಚಾಗಿ ಬಡವರಲ್ಲ. ಹಾಗೆಂದು ನಮ್ಮ ತಪ್ಪು ಒಪ್ಪಾಗದು. ಇಂದು ಹಿಡಿದ ಒಂದು ಬೊಗಸೆ ಮರಿ, ನಾಳೆಯ ಒಂದು ಬುಟ್ಟಿ ಮೀನು. ನಷ್ಟಕ್ಕೆ ಮೊದಲು ಗುರಿಯಾಗುವವನೂ ಆ ಬಡವನೇ. ನೆರೆಯ ಕಣ್ಣೂರು ಜಿಲ್ಲೆಯಲ್ಲಿ ಕಲ್ಲೇನ್ ಪೊಕ್ಕುಡನ್ ಅವರು ಯಾರ ಅಪ್ಪಣೆಗೂ ಕಾಯದೆ ಕಾಂಡ್ಲಾ ಗಿಡಗಳನ್ನು ನೆಟ್ಟರು. 2015ರಲ್ಲಿ ತೀರಿಕೊಂಡ ಅವರು ಹೆಚ್ಚು ಶಾಲೆ ಕಲಿತವರಲ್ಲ. ಕಲಿತ ನಾವು ಮಾಡಿದ್ದೇನು?

ಹೀಗಾಗಿ ಸುವರ್ಣ ಮಹೋತ್ಸವದ ನೆನಪಿಗೆ ಕಟ್ಟಡದೊಡನೆ ಇನ್ನೊಂದು ಕೆಲಸವೂ ನಡೆಯಲೆಂದು ನನ್ನ ಬಿನ್ನಹ. ಶಾಲೆಯಲ್ಲಿ ಒಂದು ಅಳಿವೆಯ ದಿನಚರಿ ಇರಲಿ. ಉಬ್ಬರದ ಹೊತ್ತು, ನೀರಿನ ಬಣ್ಣ, ಬಲೆಗೆ ಬಿದ್ದ ಮೀನು, ಅದರ ಅಳತೆ - ಇವುಗಳನ್ನು ಮಕ್ಕಳು ಹಿರಿಯರಿಂದ ಕೇಳಿ ಬರೆಯಲಿ. ಕನ್ನಡದ ಸಿಗಡಿ, ತುಳುವಿನ ಎಟ್ಟಿ, ಮಲೆಯಾಳದ ಚೆಮ್ಮೀನ್ ಒಂದೇ ಸಾಲಿನಲ್ಲಿ ದಾಖಲಾಗಲಿ. ಗಡಿನಾಡಿನ ಮಕ್ಕಳಿಗೆ ಇದಕ್ಕಿಂತ ಸಹಜವಾದ ಭಾಷಾಪಾಠ ಬೇರೆಯಿಲ್ಲ. ತಾನೇ ಅಳೆದು ಬರೆದ ಮರಿಯನ್ನು ಮಗಳು ತೋರಿಸಿದಾಗ, ಬಲೆಯ ಕಣ್ಣನ್ನು ಹಿರಿದಾಗಿಸಲು ತಂದೆ ಒಪ್ಪಿಯಾನು. ಅಧಿಕಾರಿಯ ದಂಡಕ್ಕಿಂತ ಆ ಮಾತಿಗೆ ಬಲ ಹೆಚ್ಚು.

ಗಡಿನಾಡಿನಲ್ಲಿ ಕನ್ನಡ ಶಾಲೆ ಐವತ್ತು ವರ್ಷ ಬಾಳಿದ್ದು, ಊರವರು ತಮ್ಮ ಮಕ್ಕಳನ್ನು ಅದರ ಮಡಿಲಿಗೆ ಒಪ್ಪಿಸಿದ್ದರಿಂದ. ಮರಿಗಳು ಬಾರದಿದ್ದರೆ ಶಾಲೆಯೂ ಉಳಿಯದು, ಅಳಿವೆಯೂ ಉಳಿಯದು. ಎರಡನ್ನೂ ಕಾಯಬೇಕಾದವರು ನಾವೇ.