ಎಸಿ ತಿರುವೋಕೂ ಕಣ್ಣು ಬೇಕೇ?

ಸುಗ್ಗಿ ಬಂತೆಂದರೆ ಕೊಪ್ಪಳ ಜಿಲ್ಲೆಯ ರಸ್ತೆಗಳೇ ಕಣವಾಗುತ್ತವೆ. ಗಂಗಾವತಿ ಕಡೆ ರಸ್ತೆಯಂಚಿಗೆ ಭತ್ತ ಒಣಗುತ್ತಿರುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆ ಸಜ್ಜೆಯನ್ನೋ ಹುರುಳಿಯನ್ನೋ ಡಾಂಬರಿನ ಮೇಲೆ ಹರವಿ, ಸುತ್ತ ಕಲ್ಲು ಬೇರೆ ಇಟ್ಟಿರುತ್ತಾರೆ. ಕತ್ತಲಾದ ಮೇಲೆ ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳ ಕಾಟ. ಗಿಣಿಗೇರಾ ದಾಟುವಾಗ ಮುಂದಿನ ಲಾರಿಯ ಧೂಳು ಗಾಜಿಗೇ ಬಂದು ಅಡರುತ್ತದೆ. ಇಂಥಲ್ಲಿ ಗಾಡಿ ಓಡಿಸುವವನಿಗೆ ಇರುವ ಎರಡು ಕಣ್ಣು ಸಾಲವು. ಹೊಸ ಕಾರುಗಳು ಅವುಗಳಲ್ಲೂ ಪಾಲು ಕೇಳುತ್ತಿವೆ.

ಎಸಿಯ ನಾಬ್ ಎಲ್ಲಿದೆ ಎಂಬುದು ಹಳೆಯ ಕಾರಿನಲ್ಲಿ ಕೈಗೇ ಗೊತ್ತಿತ್ತು. ದೃಷ್ಟಿ ರಸ್ತೆಯ ಮೇಲಿದ್ದಂತೆಯೇ ಎರಡು ಸುತ್ತು ತಿರುವಿದರೆ ಮುಗಿಯಿತು. ಈಗ ಪರದೆಯಲ್ಲಿ ಚಿತ್ರ ಹುಡುಕಬೇಕು, ಒತ್ತಬೇಕು, ಒತ್ತಿದ್ದು ಸರಿಯಾಗಿ ಬಿತ್ತೋ ಇಲ್ಲವೋ ಎಂದು ಮತ್ತೆ ನೋಡಬೇಕು. ಅಷ್ಟರಲ್ಲಿ ರೋಡ್ ಹಂಪ್ ಬಂದರೆ ಬೆರಳು ಇನ್ನೆಲ್ಲೋ ಬೀಳುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡಿಗೆ ಕಾರು 50 ಮೀಟರ್ ಮುಂದೆ ಹೋಗಿರುತ್ತದೆ. ಸೆಕೆಗೆ ಎಸಿ ಹೆಚ್ಚಿಸುವುದನ್ನು ತಡಮಾಡಬಹುದು. ಮಳೆಯಲ್ಲಿ ಒಳಗಾಜು ಮಂಜಾದಾಗ ತಡಮಾಡುವಂತಿಲ್ಲ.

ಇದು ಹಳೆಗಾಲದವರ ಗೊಣಗಾಟವಲ್ಲ. ಸ್ವೀಡನ್ನಿನ 'ವಿ ಬೀಲ್ಯಾಗರೆ' ಪತ್ರಿಕೆ 2022ರಲ್ಲಿ ಹನ್ನೊಂದು ಹೊಸ ಕಾರುಗಳ ಜತೆ 2005ರ ಒಂದು ವೋಲ್ವೊವನ್ನೂ ಪರೀಕ್ಷೆಗೆ ಇಳಿಸಿತು. 110 ಕಿ.ಮೀ. ವೇಗದಲ್ಲಿ ಓಡಿಸುತ್ತ ಎಸಿ, ರೇಡಿಯೊದಂಥ ನಾಲ್ಕು ಕೆಲಸ ಮಾಡಬೇಕಿತ್ತು. ಬಟನ್ನುಗಳ ಹಳೆ ವೋಲ್ವೊದಲ್ಲಿ ಹತ್ತು ಸೆಕೆಂಡಿಗೆ ಎಲ್ಲ ಮುಗಿಯಿತು. ಎಲ್ಲಕ್ಕಿಂತ ಹಿಂದೆ ಬಿದ್ದ ಹೊಸ ಕಾರಿನಲ್ಲಿ 44.6 ಸೆಕೆಂಡು ಹಿಡಿಯಿತು. ಅಷ್ಟರಲ್ಲಿ ಕಾರು 1,372 ಮೀಟರ್ ಓಡಿತ್ತು.

ನಮ್ಮ ಕಾನೂನಿನ ತಮಾಷೆ ನೋಡಿ. ಓಡಿಸುವಾಗ ಕೈಯಲ್ಲಿ ಮೊಬೈಲ್ ಹಿಡಿದರೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಅಪರಾಧ. ಅದಕ್ಕಿಂತ ದೊಡ್ಡ ಪರದೆಯನ್ನು ಕಂಪನಿಯೇ ಕೂಡಿಸಿಕೊಟ್ಟರೆ ಅದು 'ಟಾಪ್ ಮಾಡೆಲ್'! ಜರ್ಮನಿಯ ಕಾರ್ಲ್ಸ್‌ರೂ ನ್ಯಾಯಾಲಯ 2020ರಲ್ಲಿ ಹೀಗೆ ಬಿಡಲಿಲ್ಲ. ಜೋರು ಮಳೆಯಲ್ಲಿ ವೈಪರ್ ವೇಗ ಬದಲಿಸಲು ಪರದೆ ನೋಡುತ್ತಿದ್ದ ಟೆಸ್ಲಾ ಚಾಲಕನೊಬ್ಬ ರಸ್ತೆ ಬಿಟ್ಟು ಹೋಗಿದ್ದ. ಮೊಬೈಲಿನ ನಿಯಮವೇ ಈ ಪರದೆಗೂ ಅನ್ವಯ ಎಂದು ಹೇಳಿ, ಅವನಿಗೆ ವಿಧಿಸಿದ್ದ ದಂಡವನ್ನೂ ಒಂದು ತಿಂಗಳ ಚಾಲನಾ ನಿಷೇಧವನ್ನೂ ಕೋರ್ಟು ಎತ್ತಿಹಿಡಿಯಿತು. ನನ್ನನ್ನು ಕೇಳಿದರೆ, ವೈಪರನ್ನು ಪರದೆಯೊಳಗೆ ಬಚ್ಚಿಟ್ಟವರಿಗೂ ಅದರಲ್ಲಿ ಪಾಲಿರಬೇಕಿತ್ತು.

ಪರದೆಯೇ ಬೇಡವೆಂದಲ್ಲ. ನಕ್ಷೆಗೆ, ರಿವರ್ಸ್ ಕ್ಯಾಮೆರಾಗೆ ಅದು ಬೇಕು. ಆದರೆ ಹತ್ತಾರು ಸ್ವಿಚ್ಚು, ಅವುಗಳ ಅಚ್ಚು, ವೈರು ಎಲ್ಲದರ ಖರ್ಚು ಉಳಿಯುವುದರಿಂದ ಪರದೆ ಕಂಪನಿಗೆ ಅಗ್ಗ; ಶೋರೂಮಿನಲ್ಲಿ ಮಾತ್ರ ಅದು ದುಬಾರಿಯಂತೆ ಮಿಂಚುತ್ತದೆ. ಫೋಕ್ಸ್‌ವ್ಯಾಗನ್‌ನ ವಿನ್ಯಾಸ ಮುಖ್ಯಸ್ಥರೇ 2025ರಲ್ಲಿ, ಮುಖ್ಯ ಕೆಲಸಗಳಿಗೆ ಬಟನ್ ಮರಳಿ ಬರಲಿದೆ ಎಂದರು. ಕಾರುಗಳ ಸುರಕ್ಷತೆ ಅಳೆದು ಸ್ಟಾರ್ ಕೊಡುವ ಯೂರೋಪಿನ ಯೂರೋ ಎನ್‌ಕ್ಯಾಪ್ 2026ರಿಂದ ಇಂಡಿಕೇಟರ್, ಹಾರ್ನ್, ವೈಪರ್, ಹಜಾರ್ಡ್ ದೀಪ, ತುರ್ತು ಕರೆ, ಈ ಐದಕ್ಕೆ ಕೈಗೆ ಸಿಗುವ ಸ್ವಿಚ್ಚಿಲ್ಲದ ಕಾರಿಗೆ ಐದು ಸ್ಟಾರ್ ಸುಲಭವಾಗಿ ಸಿಗದಂತೆ ಮಾಡಿದೆ. 2023ರ ಅಕ್ಟೋಬರಿನಲ್ಲಿ ಶುರುವಾದ ನಮ್ಮ ಭಾರತ್ ಎನ್‌ಕ್ಯಾಪ್ ಗುದ್ದಿದ ಮೇಲೆ ಒಳಗಿದ್ದವರು ಉಳಿಯುತ್ತಾರೋ ಎಂಬುದಕ್ಕೇ ಹೆಚ್ಚು ಒತ್ತು ಕೊಡುತ್ತದೆ. ಗುದ್ದದಂತೆ ನೋಡಿಕೊಳ್ಳುವ ಸ್ವಿಚ್ಚಿಗೂ ಅದು ಅಂಕ ಕೊಡಲಿ. ಐದರ ಜತೆಗೆ ಎಸಿ ಮತ್ತು ಗಾಜಿನ ಮಂಜು ತೆಗೆಯುವ ಬಟನ್ನನ್ನೂ ಸೇರಿಸಲಿ.

ನಿಯಮ ಬರುವವರೆಗೆ ಕೊಳ್ಳುವವರೇ ಎಚ್ಚರವಾಗಿರಬೇಕು. ಟೆಸ್ಟ್ ಡ್ರೈವ್ ಅಂದರೆ ಹೈವೇ ಮೇಲೆ ಒಂದು ಸುತ್ತು ಹೊಡೆಸಿ ತರುತ್ತಾರೆ. ಒಪ್ಪಬೇಡಿ, ಕಾರನ್ನು ತಗ್ಗುದಿಣ್ಣೆಯ ಹಳ್ಳಿರಸ್ತೆಗೆ ಒಯ್ಯಿರಿ. ರಸ್ತೆಯಿಂದ ದೃಷ್ಟಿ ಕದಲಿಸದೆ ಎಸಿ ಕಡಿಮೆ ಮಾಡಲು ನೋಡಿ. ಆಗದಿದ್ದರೆ ಬಟನ್ನಿರುವ ಮಾಡೆಲ್ಲೇ ಬೇಕೆಂದು ಡೀಲರ್‌ಗೆ ಹೇಳಿ ಬನ್ನಿ.