ಋಣವೂ ಮಾನವೂ

ಈಚೆಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸಂಚಾರದಲ್ಲಿದ್ದಾಗ ಒಂದು ಮನೆಯ ವೃದ್ಧ ತಾಯಿ ನಮ್ಮೆದುರು ಕಣ್ಣೀರಿಟ್ಟರು. ಮಗನ ಹಳೆಯ ಕ್ರೆಡಿಟ್ ಕಾರ್ಡಿನ ಬಾಕಿಗಾಗಿ ವಸೂಲಿಗಾರರು ರಾತ್ರಿ 10 ಗಂಟೆಗೆ ಫೋನ್ ಮಾಡಿ ಗದರಿಸಿದ್ದರು. ಆ ತಾಯಿ ಬಳೆಯನ್ನು ಅಡವಿಡಲು ಸಿದ್ಧರಾಗಿದ್ದರು.

ಪಡೆದ ಋಣವನ್ನು ತೀರಿಸುವುದು ಧರ್ಮವೇ ಸರಿ. ಆದರೆ ಜಾಮೀನು ನಿಲ್ಲದ ತಾಯಿ ಆ ಸಾಲಕ್ಕೆ ಹೊಣೆಯಲ್ಲ. ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ವಸೂಲಿಗಾಗಿ ಕರೆ ಮಾಡಬಾರದು, ಮನೆಯವರನ್ನು ಪೀಡಿಸಬಾರದು ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ವಿಧಿಸಿದೆ. ಬೆದರಿಕೆ ಬಂದರೆ ದಿನ, ವೇಳೆಗಳನ್ನು ಗುರುತಿಟ್ಟು ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು.

ರಾಜಿಗೆ ಮುನ್ನ ಅಸಲೆಷ್ಟು, ಬಡ್ಡಿಯೆಷ್ಟು, ದಂಡವೆಷ್ಟು ಎಂಬ ಲೆಕ್ಕವನ್ನು ಬ್ಯಾಂಕಿನಿಂದಲೇ ಕೇಳಿ ಪಡೆಯಿರಿ. ಒಪ್ಪಿದ ಮೊತ್ತವು ಬರಹದಲ್ಲಿ ಕೈಸೇರುವವರೆಗೆ ಬಿಡಿಗಾಸನ್ನೂ ಕೊಡಬೇಡಿ. ಹಣವನ್ನು ವಸೂಲಿಗಾರನ ಕೈಗೆ ಕೊಡದೆ ಬ್ಯಾಂಕಿಗೇ ಕಟ್ಟಿ, ರಶೀದಿಯನ್ನೂ ಬಾಕಿಯಿಲ್ಲವೆಂಬ ಪತ್ರವನ್ನೂ ಜೋಪಾನವಾಗಿಡಿ. ರಾಜಿಯಲ್ಲಿ ತೀರಿದ ಸಾಲವು ಸಿಬಿಲ್ ದಾಖಲೆಯಲ್ಲಿ ಪೂರ್ಣ ಸಂದಾಯವೆನಿಸದು. ಮುಂದೆ ಗೃಹಸಾಲಕ್ಕೆ ತೊಡಕಾದೀತು. ಶಕ್ತಿಯಿದ್ದವರು ಪೂರ್ತಿ ತೀರಿಸುವುದೇ ಲೇಸು.

ಯುವಕರಿಗೆ ನಮ್ಮದೊಂದು ಮಾತು: ಸಾಲವನ್ನು ಮನೆಯವರಿಂದ ಮುಚ್ಚಿಡಬೇಡಿ. ಮೊದಲೇ ತಿಳಿದಿದ್ದರೆ ಆ ತಾಯಿ ಅಷ್ಟು ಅಂಜುತ್ತಿರಲಿಲ್ಲ.