ಅಡುಗೆಮನೆಯವರೆಗೆ ಬಂದ ಅಪರಿಚಿತರು

ಆ ಮನುಷ್ಯ ಒಳಗೆ ಬಂದವರು ಯಾರನ್ನೂ ಮಾತಾಡಿಸಲಿಲ್ಲ. "ಬನ್ನಿ, ಕೂತ್ಕೊಳ್ಳಿ, ಕಾಫಿ ಕುಡಿದು ಆಮೇಲೆ ನೋಡುವಿರಂತೆ" ಎಂದು ಅಮ್ಮ ಕರೆದದ್ದಕ್ಕೆ ಕೈಸನ್ನೆಯಲ್ಲೇ ಬೇಡವೆಂದರು. ಹಾಲಿನಲ್ಲಿ ಒಂದು ನಿಮಿಷ, ರೂಮಿನಲ್ಲಿ ಒಂದು ನಿಮಿಷ, ದೇವರ ಗೂಡಿನ ಮುಂದೆ ಒಂದು ನಿಮಿಷ ನಿಂತರು. ಬಚ್ಚಲುಮನೆಗೆ ಹೋಗಿ ಒಂದು ಚೊಂಬು ನೀರನ್ನು ನೆಲಕ್ಕೆ ಸುರಿದು, ಅದು ಎತ್ತ ಹರಿಯುತ್ತದೆಂದು ಕುಕ್ಕರಗಾಲಲ್ಲಿ ಕೂತು ನೋಡಿದರು. ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದರು. ಹೊರಡುವಾಗ ಒಂದೇ ಮಾತು: "ಸಾಯಂಕಾಲ ಏಳು ಗಂಟೆಗೆ ಇನ್ನೊಂದ್ಸಲ ಬರಬಹುದಾ?" ಬಂದರು ಕೂಡ. ದೀಪ ಹಚ್ಚಿದ ಹೊತ್ತಿನಲ್ಲಿ ಮುಂದಿನ ಜಗಲಿಯ ಮೇಲೆ ಇಪ್ಪತ್ತು ನಿಮಿಷ ಸುಮ್ಮನೆ ಕೂತು, ರಸ್ತೆ ನೋಡಿ, ಎದ್ದುಹೋದರು. ಆ ರಾತ್ರಿ ಅಮ್ಮನಿಗೆ ನಿದ್ದೆ ಹತ್ತಲಿಲ್ಲ. "ಯಾರೋ ಏನೋ, ಎಲ್ಲಾ ಅಳತೆ ಮಾಡ್ಕೊಂಡು ಹೋದ ಹಾಗಿತ್ತು. ಹಿಂದಿನ ಬಾಗಿಲಿಗೆ ಬೀಗ ಹಾಕೋ" ಎಂದಳು.

ಅಪ್ಪ ಕಟ್ಟಿಸಿದ ಮನೆಯನ್ನು ಮಾರಲು ಹೊರಟಿದ್ದೆವು. ಮೈಸೂರಿನ ಸರಸ್ವತಿಪುರಂನಲ್ಲಿ 40×60ರ ಸೈಟು, ಅದರಲ್ಲಿ ಹದಿನಾಲ್ಕು ಚದರದ ಮನೆ. ಸೈಟು ಕೊಟ್ಟದ್ದು ಸಿಐಟಿಬಿ, ಅಂದರೆ 1903ರಲ್ಲೇ ಹುಟ್ಟಿದ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ. ಮನೆ ಎದ್ದದ್ದು 1976ರಲ್ಲಿ. ನೆಲಕ್ಕೆ ಕೆಂಪು ಕಾವಿ, ನಾವು ಮೂವರು ಮಕ್ಕಳು ಉರುಳಾಡಿ ಉರುಳಾಡಿ ಕನ್ನಡಿಯಾದದ್ದು. ಹಿತ್ತಲ ಬಾಗಿಲಿಗೆ ಹಲಸಿನ ಮರದ ಕದ. ಅದು ವರ್ಷಗಳಿಂದ ಒಂದೆಳೆ ಕೆಳಗೆ ಕೂತಿತ್ತು. ಬಂದವರಲ್ಲಿ ಯಾರೊಬ್ಬರಿಗೂ ಅದರ ಚಿಲಕ ತೆಗೆಯಲು ಬರಲಿಲ್ಲ. ಎಳೆದು, ತಳ್ಳಿ, ಕೊನೆಗೆ ನಮ್ಮ ಮುಖ ನೋಡುತ್ತಿದ್ದರು. ಎಡಗೈಯಲ್ಲಿ ಕದವನ್ನು ತುಸು ಮೇಲೆತ್ತಿದರೆ ಮಾತ್ರ ಅದು ಸರಿಯುತ್ತಿತ್ತು.

ಏಳು ತಿಂಗಳಲ್ಲಿ ಮೂವತ್ತಕ್ಕೂ ಹೆಚ್ಚು ಜನ ಬಂದಿರಬೇಕು. "ಸಾರ್, ಒಳ್ಳೇ ಪಾರ್ಟಿ, ಹತ್ತೂವರೆಗೆ ಕರ್ಕೊಂಡು ಬರ್ತೀನಿ" ಎಂದು ಬ್ರೋಕರ್ ಫೋನ್ ಮಾಡಿದರೆ ಅಮ್ಮ ಒಂಬತ್ತಕ್ಕೇ ನೆಲ ಒರೆಸಿ, ದೇವರಿಗೆ ಹೂವಿಟ್ಟು, ಡಿಕಾಕ್ಷನ್ ಇಳಿಸಿಟ್ಟು ಕಾಯುತ್ತಿದ್ದಳು. ಬಂದವರು ಹೋದಮೇಲೆ ಮಧ್ಯಾಹ್ನದ ಊಟದಲ್ಲಿ ಅದೇ ಮಾತು. ಅವರಿಗೆ ಇಷ್ಟವಾಯಿತೇ? ಆಕೆ ಅಡುಗೆಮನೆಯಲ್ಲಿ ಮೂಗು ಮುರಿದದ್ದೇಕೆ? ಅವರು ನಕ್ಕದ್ದರ ಅರ್ಥವೇನು? ಮೂವರು ಮಕ್ಕಳೂ, ಅಮ್ಮನೂ ಸೇರಿ ಬಂದವರ ಮುಖವನ್ನು ಪಂಚಾಂಗದಂತೆ ಓದುತ್ತಿದ್ದೆವು. ಓದಿದ್ದು ಹೆಚ್ಚುಕಡಿಮೆ ಎಲ್ಲವೂ ತಪ್ಪಾಯಿತು.

ದೊಡ್ಡ ತಪ್ಪು ಒಬ್ಬ ಹೆಂಗಸಿನ ವಿಷಯದಲ್ಲಿ ಆಯಿತು. ಐವತ್ತರ ಆಸುಪಾಸಿನವರು, ಗಂಡನನ್ನು ಹೊರಗೇ ಬಿಟ್ಟು ಒಳಗೆ ಬಂದವರಿಗೆ ಕಂಡದ್ದೆಲ್ಲ ಚೆನ್ನ. ತುಳಸಿಕಟ್ಟೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕಾವಿನೆಲದ ಮೇಲೆ ಓಡಾಡಿ "ನಮ್ಮಜ್ಜಿ ಮನೆಗೇ ಬಂದ ಹಾಗಾಯ್ತು" ಎಂದರು. ಅಮ್ಮನ ಕೋಡುಬಳೆ ತಿಂದು, ಅಳತೆ ಕೇಳಿ ಬರೆದುಕೊಂಡರು. ಎರಡು ಭಾನುವಾರ ಬಂದರು. ಇವರಿಗೇ ಮನೆ ಎಂದು ಅಮ್ಮ ಮನಸ್ಸಿನಲ್ಲಿ ಕೊಟ್ಟೇಬಿಟ್ಟಿದ್ದಳು. ಆ ಎರಡು ವಾರ ಬೇರೆಯವರು ಬರುತ್ತೇವೆಂದರೂ ನಾವೇ ಬೇಡವೆಂದೆವು. ಮೂರನೆಯ ವಾರ ಅವರು ಫೋನ್ ತೆಗೆಯಲಿಲ್ಲ. ಅವರು ಮನೆ ಕೊಳ್ಳುವ ಸ್ಥಿತಿಯಲ್ಲೇ ಇಲ್ಲ, ಇದ್ದ ಮನೆಯನ್ನು ತಮ್ಮಂದಿರ ಪಾಲಿಗೆ ಬಿಟ್ಟುಕೊಟ್ಟು ಬಾಡಿಗೆಗೆ ಬಂದವರು, ವಾರವಾರ ಹಳೆಯ ಮನೆಗಳನ್ನು ನೋಡಿ ಬರುತ್ತಾರೆ ಎಂದು ಆಮೇಲೆ ಬ್ರೋಕರ್ ಹೇಳಿದ. ನನಗೆ ಮೊದಲು ಸಿಟ್ಟು ಬಂತು. ಈಗ ಇಲ್ಲ. ಆ ನೆಲದ ಮೇಲೆ ಅವರು ನಡೆದದ್ದು ನಟನೆಯಾಗಿರಲಿಲ್ಲ. ಅವರಿಗೆ ಮನೆ ನಿಜವಾಗಿ ಇಷ್ಟವಾಗಿತ್ತು. ಇಷ್ಟವನ್ನು ಕೊಳ್ಳುವ ಮಾತೆಂದು ತಿಳಿದವರು ನಾವು.

ಈ ತಳಮಳ ಏಕೆ ಇಷ್ಟು ಹೊಸದೆನ್ನಿಸುತ್ತದೆ ಎಂದು ಯೋಚಿಸುತ್ತಿದ್ದಾಗ ನೆನಪಾದದ್ದು ಕೌಟಿಲ್ಯನ ಅರ್ಥಶಾಸ್ತ್ರ. ಆ ಗ್ರಂಥ ಲೋಕಕ್ಕೆ ಮತ್ತೆ ಸಿಕ್ಕಿದ್ದೇ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಪ್ರಾಚ್ಯ ಗ್ರಂಥಾಲಯದಲ್ಲಿ. ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟ ಓಲೆಗರಿಯ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಮೈಸೂರಿನಿಂದಲೇ ಅಚ್ಚು ಹಾಕಿಸಿದರು. ಅದರ ಮೂರನೆಯ ಅಧಿಕರಣದಲ್ಲಿ ಮನೆ, ಹೊಲ, ತೋಟ, ಕೆರೆಗಳ ಮಾರಾಟದ ಕ್ರಮವಿದೆ. ಕೊಳ್ಳುವ ಹಕ್ಕು ಮೊದಲು ದಾಯಾದಿಗಳಿಗೆ, ಆಮೇಲೆ ನೆರೆಯವರಿಗೆ, ಆಮೇಲೆ ಸಾಲ ಕೊಟ್ಟವರಿಗೆ. ಅವರೆಲ್ಲ ಆದಮೇಲೆ ಹೊರಗಿನವರು. ಸುತ್ತಲಿನ ನಲವತ್ತು ಮನೆತನಗಳವರ ಎದುರು, ಮಾರುವ ಮನೆಯ ಮುಂದೆಯೇ ನಿಂತು, ಎಲ್ಲೆ ಇಂತಿಂಥದು, ಬೆಲೆ ಇಷ್ಟು, ಕೊಳ್ಳುವವರಾರು ಎಂದು ಮೂರು ಸಲ ಕೂಗಬೇಕು. ಯಾರೂ ತಕರಾರು ತೆಗೆಯದಿದ್ದರೆ ಕೊಳ್ಳಬಹುದು. ಪೈಪೋಟಿಯಲ್ಲಿ ಬೆಲೆ ಏರಿದರೆ ಏರಿದಷ್ಟೂ ಸುಂಕದೊಡನೆ ರಾಜನ ಬೊಕ್ಕಸಕ್ಕೆ.

ಆ ಏರ್ಪಾಟಿನಲ್ಲಿ ಅನ್ಯಾಯ ಇರಲಿಲ್ಲವೆಂದಲ್ಲ. ಹೊರಗಿನವನಿಗೆ ಊರೊಳಗೆ ಜಾಗ ಸಿಗದಂತೆ ಕಾಯುವ ಬೇಲಿಯೂ ಅದೇ ಆಗಿತ್ತು, ಮತ್ತು ಆ ಬೇಲಿ ಇಂದಿಗೂ ನಮ್ಮ ಬಡಾವಣೆಗಳಲ್ಲಿ ಪೂರ್ತಿ ಬಿದ್ದಿಲ್ಲ. ನಮ್ಮಲ್ಲಿಗೆ ಬಂದವರೊಬ್ಬರ ಕುಲಗೋತ್ರ ವಿಚಾರಿಸಲು ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ಕತ್ತು ಚಾಚಿದಾಗ ನನಗೆ ನಾಚಿಕೆಯಾಯಿತು. ಆದರೂ ಆ ಕಾಲದ ಮಾರಾಟಗಾರನಿಗೆ ಇದ್ದ ಒಂದು ನೆಮ್ಮದಿ ನಮಗಿಲ್ಲ. ಅವನ ಮನೆ ಕೊಳ್ಳಲು ಬಂದವನ ಮಾತು, ಮೌನ, ಸಾಲ, ಸಿಟ್ಟು ಎಲ್ಲವೂ ಅವನಿಗೆ ಮೊದಲೇ ಗೊತ್ತು. ದಾಯಾದಿಯ ಮುಖ ಓದುವುದು ಕಷ್ಟವಲ್ಲ. ನಮ್ಮ ಅಡುಗೆಮನೆಯವರೆಗೆ ಬರುವವರೋ, ಹೆಸರು ಕೂಡ ಬ್ರೋಕರ್ ಬಾಯಿಂದಲೇ ಕೇಳಿದವರು. ಹತ್ತು ನಿಮಿಷದಲ್ಲಿ ಅವರು ನಮ್ಮ ಮಂಚ, ಬೀರು, ಔಷಧಿ ಡಬ್ಬಿ, ಗೋಡೆಯ ಮೇಲಿನ ಅಪ್ಪನ ಫೋಟೋ ಎಲ್ಲ ನೋಡುತ್ತಾರೆ. ನಮಗೆ ಅವರದು ಏನೂ ಕಾಣುವುದಿಲ್ಲ. ಇಷ್ಟು ಏರುಪೇರಾದ ಭೇಟಿಯಲ್ಲಿ ಎದುರಿನವರು ವಿಚಿತ್ರವಾಗಿ ಕಂಡರೆ ಆಶ್ಚರ್ಯವೇನಿದೆ?

ಅವರ ಕಡೆಯಿಂದ ನೋಡಿದರೆ ಅವರ ನಡತೆಗೂ ಅರ್ಥವುಂಟು. ಒಬ್ಬರು ಟೇಪು ಹಿಡಿದು ಬಂದು ಮನೆಯ ಉದ್ದಗಲ ಅಳೆದು, ಕಾಗದದ ಮೇಲೆ ಗುಣಿಸಿ, ಎಂಟರಿಂದ ಭಾಗಿಸಿ, ಶೇಷ ನೋಡಿ ಮುಖ ಸಣ್ಣದು ಮಾಡಿಕೊಂಡರು. ಆಯದ ಲೆಕ್ಕ ಅದು. ಒಂದು ಉಳಿದರೆ ಧ್ವಜ, ಎರಡು ಧೂಮ, ಮೂರು ಸಿಂಹ, ನಾಲ್ಕು ಶ್ವಾನ, ಐದು ವೃಷಭ, ಆರು ಖರ, ಏಳು ಗಜ, ಪೂರ್ತಿ ಭಾಗವಾದರೆ ಕಾಕ. ಬೆಸ ಬಂದರೆ ಶುಭ, ಸಮ ಬಂದರೆ ಅಶುಭ. ನಮ್ಮ ಮನೆ ಅವರ ಲೆಕ್ಕದಲ್ಲಿ ಖರಾಯಕ್ಕೆ ಬಿತ್ತು. ತಮ್ಮನಿಗೆ ಮುಖ ಕೆಂಪಾಯಿತು. ಐವತ್ತು ವರ್ಷ ಈ ಮನೆಯಲ್ಲಿ ನಾವು ಚೆನ್ನಾಗಿ ಬಾಳಲಿಲ್ಲವೇ ಎಂದು ವಾದಕ್ಕೆ ನಿಂತ. ವಾದ ಮಾಡಬಾರದಿತ್ತು. ಜೀವಮಾನದ ಉಳಿತಾಯದ ಮೇಲೆ ಬ್ಯಾಂಕಿನ ಸಾಲವನ್ನೂ ಹೊತ್ತು ಕೊಳ್ಳುವವನಿಗೆ ಭಯವಿರುತ್ತದೆ. ಆ ಭಯ ಒಬ್ಬರಲ್ಲಿ ಆಯದ ಲೆಕ್ಕವಾಗಿ ಬಂದರೆ ಇನ್ನೊಬ್ಬರಲ್ಲಿ ಮೌನವಾಗಿ ಬರುತ್ತದೆ, ಮತ್ತೊಬ್ಬರಲ್ಲಿ ಸಿಡುಕಾಗಿ ಬರುತ್ತದೆ.

ಎಚ್ಚರದಿಂದಿರಬೇಕಾದದ್ದು ಬೇರೆ ಥರದವರ ಬಗ್ಗೆ. ಅವರು ನೋಡಲು ಸ್ವಲ್ಪವೂ ವಿಚಿತ್ರವಾಗಿರುವುದಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿಯವರೊಬ್ಬರು ಬಂದು ಹಾಲಿನಿಂದ ಒಳಗೆ ಕಾಲಿಡಲೇ ಇಲ್ಲ. "ಅಮ್ಮಾ, ಆಶೀರ್ವಾದ ಮಾಡಿ" ಎಂದು ಕಾಲಿಗೆ ಬಿದ್ದು, ನಾವು ಹೇಳಿದ ಬೆಲೆಗೇ ಒಪ್ಪಿದರು. ಚೌಕಾಸಿಯಿಲ್ಲ. "ಕಟ್ಟಡಕ್ಕೆ ಬೆಲೆ ಇಲ್ಲ ಸಾರ್, ಸೈಟು ನೋಡಿ ಕೊಡ್ತಿದೀನಿ. ಈಗ ಐದು ಲಕ್ಷ ಕ್ಯಾಶ್ ಇಟ್ಕೊಳ್ಳಿ, ಅಗ್ರಿಮೆಂಟ್ ಹಾಕಿ ಜಿಪಿಎ ಕೊಡಿ, ಆರು ತಿಂಗಳು ಟೈಮ್." ಅಂದರೆ ನಮ್ಮ ಕಾಗದ ಹಿಡಿದು ಊರೆಲ್ಲ ಗಿರಾಕಿ ಹುಡುಕುವುದು ಅವರು, ಅಷ್ಟು ದಿನ ಕೈಕಟ್ಟಿ ಕೂರುವುದು ನಾವು. ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರ, ಕೊಟ್ಟ ಮಾತ್ರಕ್ಕೆ ಸ್ಥಿರಾಸ್ತಿಯ ಒಡೆತನ ಕೈದಾಟುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು ಎಂದು ಸುಪ್ರೀಂ ಕೋರ್ಟು 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಖಚಿತವಾಗಿ ಹೇಳಿದೆ. ಆಸ್ತಿ ಮಾರಾಟದ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟು ನಗದಾಗಿ ತೆಗೆದುಕೊಳ್ಳುವಂತಿಲ್ಲ ಎಂಬ ನಿಯಮ 2015ರ ಜೂನ್ 1ರಿಂದ ಇದೆ, ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಇಷ್ಟನ್ನು ಹೇಳಿ ಚೆಕ್ಕಿನಲ್ಲಿ ಕೊಡಿ ಎಂದಾಗ ಆ ನಗು ಆರಿಹೋಯಿತು. ನಮ್ಮಲ್ಲಿಗೆ ಬಂದ ಮೂವತ್ತು ಜನರಲ್ಲಿ ಸುಲಭವಾಗಿ ಓದಬಹುದಾದ ಮುಖ ಅದೊಂದೇ ಆಗಿತ್ತು, ಅಷ್ಟು ಚೆನ್ನಾಗಿ ಅದನ್ನು ನಮಗಾಗಿ ಬರೆದು ತಂದಿದ್ದರು.

ಆಮೇಲೆ ನಾವು ಒಂದಿಷ್ಟು ಎಚ್ಚರ ಕಲಿತೆವು. ಅಮ್ಮ ಒಬ್ಬಳೇ ಇರುವಾಗ ಯಾರನ್ನೂ ಕರೆಯಲಿಲ್ಲ. ಬರುವವರ ಹೆಸರು, ಊರು, ಫೋನ್ ನಂಬರನ್ನು ಹಿಂದಿನ ದಿನವೇ ಕೇಳಿ ಬರೆದಿಟ್ಟೆವು. ಮೂಲಪತ್ರ ಬ್ಯಾಂಕಿನ ಲಾಕರಿನಲ್ಲೇ ಉಳಿಯಿತು, ಜೆರಾಕ್ಸ್ ಕೊಟ್ಟದ್ದು ಎರಡನೆಯ ಸಲ ಬಂದವರಿಗೆ ಮಾತ್ರ. ಪ್ರತಿ ಹಾಳೆಯ ಮೇಲೂ ಅಡ್ಡಲಾಗಿ 'ಪರಿಶೀಲನೆಗೆ ಮಾತ್ರ' ಎಂದು ಬರೆದು, ತಾರೀಖು ಹಾಕಿ ಕೊಟ್ಟೆವು. ಬಂದವರು ನಕ್ಕರೇ, ಮುಖ ಗಂಟಿಕ್ಕಿದರೇ ಎಂದು ನೋಡುವುದನ್ನು ಬಿಟ್ಟು, ಖಾತಾ ಕೇಳಿದರೇ, ಇಸಿ (ಋಣಭಾರ ಪತ್ರ) ಎಷ್ಟು ವರ್ಷದ್ದು ಬೇಕೆಂದರು, ಲಾಯರಿಗೆ ತೋರಿಸಿದರೇ ಎಂಬುದನ್ನು ನೋಡತೊಡಗಿದೆವು. ಕಾಗದ ಕೇಳುವವರು ಕೊಳ್ಳುವವರು.

ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೆಯ ಕಲಂ. ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ದೊಡ್ಡ ದೋಷವನ್ನು ಬಾಯಿಬಿಟ್ಟು ಹೇಳಬೇಕು ಎನ್ನುತ್ತದೆ ಅದು. ಕೊಳ್ಳುವವನ ಮೇಲೂ ಒಂದು ಹೊಣೆ ಹೊರಿಸುತ್ತದೆ. ಆ ಸ್ವತ್ತಿನಲ್ಲಿ ಮಾರುವವನಿಗೆ ಇರುವ ಹಕ್ಕು ಅವನೇ ತಿಳಿದಿದ್ದಕ್ಕಿಂತ ದೊಡ್ಡದು, ಅದರಿಂದ ಬೆಲೆ ಏರುತ್ತದೆ ಎಂಬುದು ತನಗೆ ಗೊತ್ತಿದ್ದರೆ ಅದನ್ನು ಹೇಳಬೇಕು. ಇಬ್ಬರಲ್ಲಿ ಯಾರು ಮುಚ್ಚಿಟ್ಟರೂ ಅದು ವಂಚನೆ. ಇಷ್ಟು ಕರಾರುವಾಕ್ಕಾದ ಕಾನೂನು, ಮನೆ ನಿಮಗೇಕೆ ಬೇಕು, ನಿಮಗದು ಇಷ್ಟವೋ ಇಲ್ಲವೋ ಎಂದು ಕೊಳ್ಳುವವನನ್ನು ಎಲ್ಲೂ ಕೇಳುವುದಿಲ್ಲ. ಅದನ್ನು ಓದಿದ ದಿನ ನನಗೊಂದು ಬಿಡುಗಡೆ ಸಿಕ್ಕಿತು. ಬಂದವರ ಮನಸ್ಸಿನಲ್ಲಿರುವುದು ಅವರದು. ನಾನು ಹೇಳಬೇಕಾದದ್ದು ಉತ್ತರದ ರೂಮಿನ ಗೋಡೆ ಆಷಾಢದಲ್ಲಿ ಒಸರುತ್ತದೆ ಎಂಬುದನ್ನು.

ಹಾಗೆ ನಾನು ಮೊದಲು ಹೇಳಿದ್ದು ಆ ಮಾತಾಡದ ಮನುಷ್ಯರಿಗೇ. ಮೂರನೆಯ ಸಲ ಬಂದಿದ್ದರು. ಅವರು ಕೇಳುವ ಮೊದಲೇ ಗೋಡೆ ತೋರಿಸಿ, ಬೇಸಿಗೆಯಾದ್ದರಿಂದ ಈಗ ಒಣಗಿದೆ, ಮಳೆಗಾಲದಲ್ಲಿ ಮೊಳಕಾಲೆತ್ತರ ತೇವ ಏರುತ್ತದೆ ಎಂದೆ. ಅವರು ಆ ದಿನ ಮೊದಲ ಬಾರಿಗೆ ನನ್ನ ಮುಖ ನೋಡಿದರು. "ಗೊತ್ತಿತ್ತು" ಎಂದರು. ಗೆಣ್ಣಿನಿಂದ ತಟ್ಟಿದಾಗಲೇ ಗೊತ್ತಾಗಿತ್ತಂತೆ. ಹತ್ತು ದಿನ ಬಿಟ್ಟು ಫೋನ್ ಮಾಡಿ, ತಮಗೆ ಮನೆ ಆಗಿಬರುವುದಿಲ್ಲ, ರಾತ್ರಿ ಹೊತ್ತು ರಸ್ತೆಯ ಸದ್ದು ತಮ್ಮ ತಂದೆಗೆ ತಡೆಯದು, ನೀವು ಕಾಯುತ್ತಾ ಕೂರಬೇಡಿ ಎಂದರು. ಏಳು ತಿಂಗಳಲ್ಲಿ ಬೇಡವೆಂದು ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ. ಉಳಿದವರೆಲ್ಲ ನಗುತ್ತಾ ಬಂದು, ಕಾಫಿ ಕುಡಿದು, "ತಿಳಿಸ್ತೀವಿ" ಎಂದು ಹೋದವರು. ಅಮ್ಮನಿಗೆ ಫೋನಿನ ವಿಷಯ ಹೇಳಿದಾಗ "ಪಾಪ, ನಾನು ಏನೇನೋ ಅಂದ್ಕೊಂಡೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮನೆ ಕೊನೆಗೆ ಹೋದದ್ದು ಯಾರಿಗೂ ಇಷ್ಟವಾಗದ ಒಂದು ಜೋಡಿಗೆ. ಗಂಡ ಹೆಂಡತಿ ಇಬ್ಬರೂ ಹೈಸ್ಕೂಲ್ ಮೇಷ್ಟರು. ಬಂದಾಗಲೆಲ್ಲ ಜಗಳವೇ. ಅಡುಗೆಮನೆ ಕತ್ತಲು, ಸಂಪು ಚಿಕ್ಕದು, ಸ್ವಿಚ್ಚು ಹಳೆಯವು, ಮೆಟ್ಟಿಲು ಕಡಿದು. ತಂಗಿ ಅವರನ್ನು ಎರಡನೆಯ ಸಲ ಒಳಗೆ ಬಿಡುವುದೇ ಬೇಡವೆಂದಿದ್ದಳು. ಅವರು ಆರು ಸಲ ಬಂದರು. ಬೀರು ಎಲ್ಲಿಡುವುದು ಎಂಬುದರ ಮೇಲೆ ನಮ್ಮೆದುರೇ ಗಂಡ ಹೆಂಡತಿ ವಾದಿಸಿಕೊಂಡರು. ಆಗಲೂ ನಮಗೆ ಹೊಳೆಯಲಿಲ್ಲ, ಅವರು ಆಗಲೇ ಆ ಮನೆಯಲ್ಲಿ ಸಂಸಾರ ಹೂಡಿಯಾಗಿತ್ತು ಎಂದು.

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೋ ತೆಗೆದು, ಹೆಬ್ಬೆಟ್ಟಿನ ಗುರುತು ಕೊಟ್ಟು ಬೆಂಚಿನ ಮೇಲೆ ಕೂತಿದ್ದೆವು. ಅಮ್ಮ ಕೀಗೊಂಚಲನ್ನು ಮಡಿಲಲ್ಲಿಟ್ಟುಕೊಂಡು ಒಂದೂ ಮಾತಾಡದೆ ಇದ್ದಳು. ಆ ಮೇಡಂ ಪಕ್ಕಕ್ಕೆ ಸರಿದು ಕೂತು ಮೆಲ್ಲಗೆ ಕೇಳಿದರು: "ಅಮ್ಮಾ, ಆ ಹಿತ್ತಲ ಬಾಗಿಲು ಹೇಗೆ ತೆಗೀತೀರಿ? ನಮಗೆ ಆರು ಸಲವೂ ಬರಲಿಲ್ಲ."

ಅಮ್ಮ ಕೀಗೊಂಚಲನ್ನು ಅವರ ಕೈಗಿಟ್ಟು, ಎರಡೂ ಕೈ ಖಾಲಿ ಮಾಡಿಕೊಂಡು, ಎದುರಿಗೆ ಕದ ಇದೆಯೇನೋ ಎಂಬಂತೆ ಎಡಗೈಯನ್ನು ತುಸು ಮೇಲೆತ್ತಿದಳು. "ಹೀಗೆ ಸ್ವಲ್ಪ ಎತ್ತಿ ಹಿಡ್ಕೊಳ್ಳಿ. ಹಾಂ, ಆಮೇಲೆ ಎಳೀರಿ."